ಸಿಟ್ಟಿನ ಲೆಕ್ಕದ ಪುಸ್ತಕ, ಎಂಟು ವಾರ

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವ ಗಾದೆಯನ್ನು ಮೂಗಿನ ತುದಿಯಲ್ಲಿ ಕೋಪ ಇರುವವರು ಎರಡು ರೀತಿ ಬಳಸಿಕೊಳ್ಳುತ್ತಾರೆ. ಕೆಲವರಿಗೆ ಅದು ಪರವಾನಗಿ: ‘ನಾನಿರೋದೇ ಹೀಗೆ, ಏನ್ಮಾಡ್ಲಿ?’ ಇನ್ನು ಕೆಲವರಿಗೆ ಅದು ಶಿಕ್ಷೆ: ‘ನಾನು ಉದ್ಧಾರ ಆಗೋದಿಲ್ಲ.’ ಎಂಟು ವಾರ ಸಿಟ್ಟಿನ ಲೆಕ್ಕ ಬರೆದು ನೋಡಿದ ಮೇಲೆ ನಮಗನ್ನಿಸುವುದು, ಗಾದೆ ಸುಳ್ಳಲ್ಲ, ಅದರ ವ್ಯಾಪ್ತಿ ಚಿಕ್ಕದು. ಬೇಗ ಬಿಸಿಯಾಗುವ ಗುಣ ಹೋಗುವುದಿಲ್ಲ. ಆದರೆ ಬಿಸಿಯಾದದ್ದಕ್ಕೂ ಬಾಯಿ ತೆರೆದದ್ದಕ್ಕೂ ನಡುವಿನ ಅಂತರ ಹುಟ್ಟುಗುಣವಲ್ಲ. ಅದನ್ನು ಹಿಗ್ಗಿಸಬಹುದು. ಹಿಗ್ಗಿಸುವ ಮೊದಲು ಅಳೆಯಬೇಕು, ಅಷ್ಟೆ.

ಸ್ವಭಾವ ಕೂಸಿನಲ್ಲೇ ಕಾಣುತ್ತದೆ ಅನ್ನುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿ. ಅದನ್ನು ಕ್ರಮವಾಗಿ ದಾಖಲಿಸಿದವರು ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. 1956ರಲ್ಲಿ ಶುರುಮಾಡಿ 133 ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಗಮನಿಸಿದರು. ಸುಮಾರು ಶೇ 40ರಷ್ಟು ಮಕ್ಕಳು ಸಲೀಸು, ಶೇ 10ರಷ್ಟು ಸಂಭಾಳಿಸುವುದು ಕಷ್ಟ, ಶೇ 15ರಷ್ಟು ಹೊಸದಕ್ಕೆ ನಿಧಾನವಾಗಿ ಒಗ್ಗುವವರು, ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರದವರು. ಈ ಲೆಕ್ಕಕ್ಕಿಂತ ಅವರು ಹೇಳಿದ ಇನ್ನೊಂದು ಮಾತು ನಮ್ಮ ಕೆಲಸಕ್ಕೆ ಬರುತ್ತದೆ: ತೊಂದರೆ ಹುಟ್ಟುವುದು ಸ್ವಭಾವದಿಂದಲ್ಲ, ಸ್ವಭಾವಕ್ಕೂ ಸುತ್ತಲಿನ ವ್ಯವಸ್ಥೆಗೂ ಹೊಂದಿಕೆಯಾಗದೆ ಇರುವುದರಿಂದ. ಅಂದರೆ ಮನಸ್ಸನ್ನು ತಿದ್ದುವ ಮೊದಲು ಚಪ್ಪಲಿ ಸ್ಟ್ಯಾಂಡನ್ನು ತಿದ್ದಿ ನೋಡಬಹುದು.

ಬೇಕಾದದ್ದು ಒಂದು ಸಾದಾ ಉದ್ದನೆಯ ನೋಟ್‌ಪುಸ್ತಕ. ಎಡಪುಟದಲ್ಲಿ ನಾಲ್ಕು ಕಲಂ: ಹೊತ್ತು ಮತ್ತು ಜಾಗ, ನಡೆದದ್ದೇನು, ಮೈಯಲ್ಲಿ ಏನಾಯಿತು, ಅಂಕಿ. ಬಲಪುಟದಲ್ಲಿ ನಾಲ್ಕು: ತಲೆಗೆ ಬಂದ ಮಾತು, ಮಾಡಿದ್ದೇನು, ಇಳಿಯಲು ಹಿಡಿದ ನಿಮಿಷ, ಹಿಂದಿನ ರಾತ್ರಿಯ ನಿದ್ದೆ ಮತ್ತು ಹೊಟ್ಟೆಯ ಸ್ಥಿತಿ. ಅಂಕಿ 0ಯಿಂದ 10. ಇದಕ್ಕೆ ಮೊದಲ ದಿನವೇ ಗೂಟ ಹೊಡೆದುಕೊಳ್ಳದಿದ್ದರೆ ಸೋಮವಾರದ 6 ಬೇರೆ, ಶುಕ್ರವಾರದ 6 ಬೇರೆ ಆಗಿಬಿಡುತ್ತದೆ. ಒಳಗೆ ಕಿರಿಕಿರಿ, ಬೇರೆಯವರಿಗೆ ಗೊತ್ತಾಗುವುದಿಲ್ಲ ಅಂದರೆ 2. ದನಿ ಗಡುಸಾಯಿತು ಅಂದರೆ 4. ಕೂಗಿದ್ದು, ಪಾತ್ರೆ ಕುಕ್ಕಿದ್ದು 6. ಆಮೇಲೆ ನುಂಗಿಕೊಳ್ಳಬೇಕೆನ್ನಿಸುವ ಮಾತು ಹೊರಬಿದ್ದರೆ 8. ಕೈ ಎತ್ತಿದರೆ 10.

ಒಂದು ಸಾಲು ಹೀಗಿರುತ್ತದೆ: ‘ಮಂಗಳವಾರ ಬೆ. 8:10, ಅಡುಗೆಮನೆ. ಮಗಳು “ನಂಗೆ ಉಪ್ಪಿಟ್ಟು ಬೇಡ” ಅಂದಳು. ದವಡೆ ಬಿಗಿ, ಕಿವಿ ಬಿಸಿ. 6. “ನಾನು ಸಾಯೋದು ಯಾರಿಗೂ ಕಾಣಲ್ಲ.” ತಟ್ಟೆ ಕುಕ್ಕಿದೆ. 35 ನಿ. ನಿದ್ದೆ 5 ಗಂಟೆ, ಹೊಟ್ಟೆ ಖಾಲಿ.’ ಎರಡನೇ ಕಲಮಿನಲ್ಲಿ ಕ್ಯಾಮೆರಾಗೆ ಕಾಣುವಷ್ಟೇ ಇರಬೇಕು. ‘ಮಗಳು ಸೊಕ್ಕು ಮಾಡಿದಳು’ ಅಂತ ಬರೆದರೆ ತಪ್ಪು. ಸೊಕ್ಕು ಕ್ಯಾಮೆರಾಗೆ ಕಾಣುವುದಿಲ್ಲ, ಅದು ಐದನೇ ಕಲಮಿನ ಮಾಲು. ಈ ಎರಡು ಕಲಂ ಬೆರೆಯದಂತೆ ನೋಡಿಕೊಳ್ಳುವುದನ್ನು ಕಲಿಯುವುದಕ್ಕೇ ಬಹಳ ಜನರಿಗೆ ಮೊದಲ ವಾರ ಪೂರ್ತಿ ಹೋಗುತ್ತದೆ. ಹೋದರೆ ನಷ್ಟವೇನಿಲ್ಲ.

ಬರೆಯುವುದು ಒಂದು ಗಂಟೆಯೊಳಗೆ. ಆಗದಿದ್ದರೆ ಫೋನಿನಲ್ಲಿ ನಾಲ್ಕು ಪದ ಹಾಕಿಟ್ಟು ಸಂಜೆ ಪುಸ್ತಕಕ್ಕೆ ಇಳಿಸಿಕೊಳ್ಳಿ. ರಾತ್ರಿ ಮಲಗುವಾಗ ನೆನಪಿನಿಂದ ಬರೆದರೆ ಎದುರಿನವರ ತಪ್ಪು ದಪ್ಪಗಾಗಿರುತ್ತದೆ, ನಮ್ಮದು ಸಣ್ಣಗಾಗಿರುತ್ತದೆ. ಹೆಸರು ಬರೆಯಬೇಡಿ, ಒಂದಕ್ಷರ ಸಾಕು. ಪುಸ್ತಕ ಮನೆಯವರ ಕೈಗೆ ಸಿಕ್ಕಿ, ‘ನನ್ನ ಮೇಲೆ ಕೇಸ್ ಫೈಲ್ ಮಾಡ್ತಿದೀಯಾ?’ ಅಂತ ಅದೇ ಹೊಸ ಜಗಳವಾಗುವುದು ಅಪರೂಪವಲ್ಲ.

ಮೊದಲ ವಾರ ಎಲ್ಲರೂ ದೊಡ್ಡ ಸ್ಫೋಟಗಳನ್ನಷ್ಟೇ ಬರೆಯುತ್ತಾರೆ. ಆದರೆ ಮುಂದಿನ ಕೆಲಸವೆಲ್ಲ ನಡೆಯುವುದು 2, 3ರ ಮೇಲೆ. ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನವನು ಹಾರ್ನ್ ಬಾರಿಸಿದ್ದು, ಓಟಿಪಿ ಬರಲಿಲ್ಲವೆಂದು ಹಲ್ಲು ಕಚ್ಚಿದ್ದು, ಇವೂ ಬರಬೇಕು. ಬರೆಯತೊಡಗಿದರೆ ಎರಡನೇ ವಾರ ಸಾಲುಗಳ ಸಂಖ್ಯೆ ಏರುತ್ತದೆ. ಸಿಟ್ಟು ಹೆಚ್ಚಾಯಿತೆಂದು ಹೆದರಿ ಪುಸ್ತಕ ಮುಚ್ಚುವವರು ಇಲ್ಲೇ ಮುಚ್ಚುತ್ತಾರೆ. ಹೆಚ್ಚಾದದ್ದು ಸಿಟ್ಟಲ್ಲ, ಗಮನ.

ಎರಡನೇ ವಾರದ ಕೊನೆಗೆ ಕೂಡಿ ಕಳೆದು ನೋಡಬೇಕು. ಯಾವ ಹೊತ್ತಿನಲ್ಲಿ ಎಷ್ಟು, ಯಾವ ಜಾಗದಲ್ಲಿ ಎಷ್ಟು, ಹೊಟ್ಟೆ ಖಾಲಿ ಇದ್ದಾಗ ಎಷ್ಟು. ಒಬ್ಬ ವ್ಯಕ್ತಿಯ ಕಾರಣಕ್ಕೆ ಸಿಟ್ಟು ಬರುತ್ತದೆಂದು ನಂಬಿದ್ದವರಿಗೆ, ಅದು ಆ ವ್ಯಕ್ತಿಗಿಂತ ಹೆಚ್ಚಾಗಿ ಬೆಳಗಿನ ಏಳೂವರೆ–ಎಂಟೂವರೆಯ ಕಾರಣಕ್ಕೆ ಬರುತ್ತಿತ್ತೆಂದು ಗೊತ್ತಾಗುವುದುಂಟು. ಇದೇ ಹಂತದಲ್ಲಿ ದೇಹದ ಲೆಕ್ಕವನ್ನೂ ಮುಗಿಸಿಕೊಳ್ಳಬೇಕು. ಇತ್ತೀಚೆಗೆ ಹೊಸದಾಗಿ ಸಿಡುಕು ಶುರುವಾಗಿದ್ದು, ಜೊತೆಗೆ ಎದೆಬಡಿತ, ಬೆವರು, ತೂಕ ಇಳಿತ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುವವರು ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಸಿಟ್ಟು, ನಡುಕ, ಬೆವರು ಒಟ್ಟಿಗೆ ಬಂದರೆ ಅದನ್ನು ಸ್ವಭಾವದ ಲೆಕ್ಕಕ್ಕೆ ಹಾಕಬಾರದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕದಡಿ ಕುಡಿದು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕಾಫಿಯದೂ ಒಂದು ಪಾಲಿದೆ. ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೆ ಅರ್ಧ ಲೋಟ ಒಳಗೇ ಇರುತ್ತದೆ, ನಿದ್ದೆ ತಿನ್ನುತ್ತದೆ, ಮರುದಿನದ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮುಟ್ಟಾಗುವವರು ತಿಂಗಳಿನ ಎಷ್ಟನೇ ದಿನ ಎಂಬುದನ್ನೂ ಮೂಲೆಯಲ್ಲಿ ಬರೆದಿಡಿ. ಮುಟ್ಟಿಗೆ ಮುಂಚಿನ ವಾರದಲ್ಲಷ್ಟೇ ಸಿಟ್ಟು ವಿಪರೀತವಾಗುತ್ತದೆಯೇ ಎಂದು ಹೇಳಲು ವೈದ್ಯರಿಗೆ ಎರಡು ಸುತ್ತಿನ ದಾಖಲೆಯಾದರೂ ಬೇಕು. ಲೆಕ್ಕ ಎಂಟು ವಾರ ಇರುವುದಕ್ಕೆ ಅದೂ ಒಂದು ಕಾರಣ.

ಈಗ ನಾಲ್ಕನೇ ಕಲಂ ಮತ್ತು ಏಳನೇ ಕಲಂ ಒಟ್ಟಿಗೆ ನೋಡಿ, ಅಂಕಿ ಮತ್ತು ಇಳಿಯಲು ಹಿಡಿದ ಹೊತ್ತು. ನಿಮ್ಮ ಸ್ವಭಾವದ ಚಹರೆ ಇರುವುದು ಇಲ್ಲೇ. ಅಂಕಿ 7, 8. ನಿಮಿಷ ಹತ್ತು, ಹದಿನೈದು: ಇದು ತೆಂಗಿನಗರಿಯ ಬೆಂಕಿ. ಭಗ್ಗೆಂದು ಹತ್ತಿ ಆರಿಹೋಗುತ್ತದೆ. ಗರಿಯವರ ತೊಂದರೆ ಏನೆಂದರೆ ತಾವು ಆರಿದ ಕೂಡಲೇ ಎಲ್ಲರೂ ಆರಿದರೆಂದು ತಿಳಿಯುವುದು. ‘ನಾನು ಅಲ್ಲಿಗೇ ಬಿಟ್ಟೆ, ನೀನ್ಯಾಕೆ ಇನ್ನೂ ಮುಖ ಊದಿಸ್ಕೊಂಡಿದೀಯ?’ ಸುಟ್ಟವರು ಮರೆಯುತ್ತಾರೆ, ಸುಡಿಸಿಕೊಂಡವರು ಮರೆಯುವುದಿಲ್ಲ. ಅಂಕಿ 3, 4. ನಿಮಿಷದ ಜಾಗದಲ್ಲಿ ‘ಎರಡು ದಿನ’: ಇದು ಭತ್ತದ ಹೊಟ್ಟಿನ ಬೆಂಕಿ. ಜ್ವಾಲೆ ಇಲ್ಲ, ಒಳಗೊಳಗೇ ಕೆಂಡ. ಏನಾಯಿತೆಂದು ಕೇಳಿದರೆ ‘ಏನಿಲ್ಲ ಬಿಡಿ’. ಇಂಥವರು ತಮ್ಮನ್ನು ಶಾಂತ ಸ್ವಭಾವದವರೆಂದೇ ನಂಬಿರುತ್ತಾರೆ, ಮನೆಯವರೂ ಹಾಗೇ ಹೇಳುತ್ತಾರೆ. ಏಳನೇ ಕಲಂ ಬರೆಯುವವರೆಗೆ ಅದು ಸಿಟ್ಟೆಂದೇ ಲೆಕ್ಕಕ್ಕೆ ಬಂದಿರುವುದಿಲ್ಲ.

ಈ ಎರಡು ಬೆಂಕಿಗೆ ಒಂದೇ ಮದ್ದು ಕೊಡುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ‘ಸಿಟ್ಟು ಬಂದಾಗ ಸುಮ್ಮನಿದ್ದುಬಿಡು’ ಅನ್ನುವುದು ಗರಿಯವರಿಗೆ ಒಳ್ಳೆಯ ಸಲಹೆ, ಹೊಟ್ಟಿನವರಿಗೆ ಕೆಟ್ಟದ್ದು. ಅವರು ಸುಮ್ಮನಿದ್ದಷ್ಟೂ ಒಳಗೆ ಕೆದಕಿ ಗಾಳಿ ಹಾಕುತ್ತಾರೆ. ಅವರಿಗೆ ಬೇಕಾದದ್ದು ಗಡುವು: ಇಪ್ಪತ್ನಾಲ್ಕು ಗಂಟೆಯೊಳಗೆ, ಎದುರಿಗಿದ್ದವರಿಗೇ, ಎರಡು ವಾಕ್ಯದಲ್ಲಿ ಹೇಳಿ ಮುಗಿಸುವುದು. ಹೇಳುವಷ್ಟು ದೊಡ್ಡದಲ್ಲ ಅನ್ನಿಸಿದರೆ ಪುಸ್ತಕದಲ್ಲಿ ಆ ಸಾಲಿನ ಮುಂದೆ ‘ಬಿಟ್ಟಿದ್ದೇನೆ’ ಎಂದು ಬರೆದು ಅಡ್ಡಗೆರೆ ಎಳೆಯುವುದು. ಗೆರೆ ಎಳೆಯಲು ಕೈ ಬಾರದಿದ್ದರೆ ಅದು ಹೇಳಲೇಬೇಕಾದ್ದು.

ಮೂರನೆಯದೊಂದು ಬಗೆ ಇದೆ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಸಂಜೆ ಐದಕ್ಕೆ ಆಫೀಸಿನ ಸಾಲಿನಲ್ಲಿ 3, ಏಳೂವರೆಗೆ ಮನೆಯ ಬಾಗಿಲಲ್ಲಿ, ಅಡ್ಡಾದಿಡ್ಡಿ ಬಿದ್ದ ಚಪ್ಪಲಿಗೆ 7. ಎರಡು ಸಾಲನ್ನು ಬಾಣದ ಗುರುತಿನಿಂದ ಸೇರಿಸಿ ನೋಡಿದರೆ ಸಾಕು, ಅರ್ಥವಾಗುತ್ತದೆ. ಇವರಿಗೆ ಆಫೀಸಿಗೂ ಮನೆಗೂ ನಡುವೆ ಹತ್ತು ನಿಮಿಷದ ಪಡಸಾಲೆ ಬೇಕು. ಗಾಡಿ ನಿಲ್ಲಿಸಿದ ಜಾಗದಲ್ಲೇ ಕೂರುವುದು, ಒಂದು ಸುತ್ತು ಮೆಲ್ಲಗೆ ನಡೆಯುವುದು. ಹೊರಗಿನಿಂದ ಬಂದವರು ಕೈಕಾಲು ಮುಖ ತೊಳೆದು ಒಳಗೆ ಕಾಲಿಡುವ ಹಳೆಯ ಪದ್ಧತಿ ಧೂಳಿಗಾಗಿ ಮಾತ್ರ ಇರಲಾರದೆಂದು ನಮಗೆ ಗುಮಾನಿ.

ಮೂರನೇ ವಾರ ಮನಸ್ಸಿನ ತಂಟೆಗೆ ಹೋಗದೆ ವ್ಯವಸ್ಥೆ ಬದಲಿಸುವುದು. ಹೆಚ್ಚು ಸಲ ಬಂದ ಮೂರು ಸನ್ನಿವೇಶ ಆರಿಸಿ. ಶೂ, ಸಾಕ್ಸು, ಕೀ ರಾತ್ರಿಯೇ ಒಂದು ಬುಟ್ಟಿಗೆ. ಹೊರಡುವುದು ಹದಿನೈದು ನಿಮಿಷ ಮುಂಚೆ. ಸಂಜೆ ನಾಲ್ಕಕ್ಕೆ ಒಂದು ಬಾಳೆಹಣ್ಣು ಅಥವಾ ಹಿಡಿ ಕಡಲೆಬೀಜ. ರೇಗಿಸುವ ಫೋನ್ ಕರೆಯನ್ನು ಊಟದ ಮುಂಚಿನಿಂದ ಊಟದ ಮೇಲಕ್ಕೆ. ಇಷ್ಟು ಸಣ್ಣದನ್ನು ಮಾಡಲು ಅನೇಕರಿಗೆ ಅವಮಾನವಾಗುತ್ತದೆ. ‘ಸಿಟ್ಟು ಗೆಲ್ಲೋದು ಅಂದ್ರೆ ಇದಾ?’ ಇದೂ ಹೌದು.

ನಾಲ್ಕನೇ ವಾರಕ್ಕೆ ಉಸಿರು. ಮೂರನೇ ಕಲಂ ನೋಡಿ: ಅಂಕಿ 3, 4 ಇದ್ದಾಗ ಮೈಯಲ್ಲಿ ಮೊದಲು ಕಾಣಿಸಿಕೊಂಡದ್ದು ಯಾವುದು? ಒಬ್ಬರಿಗೆ ದವಡೆ, ಒಬ್ಬರಿಗೆ ಕಿವಿ, ಒಬ್ಬರಿಗೆ ಮಾತಿನ ವೇಗ. ಅದೇ ನಿಮ್ಮ ಗಂಟೆ. ಗಂಟೆ ಬಾರಿಸಿದ ಕೂಡಲೇ ಬಾಯಿ ಮುಚ್ಚಿ ಮೂಗಿನಲ್ಲಿ ನಾಲ್ಕು ಎಣಿಕೆಗೆ ಒಳಗೆ, ಆರು ಎಣಿಕೆಗೆ ಹೊರಗೆ. ಒಂದು ಉಸಿರಿಗೆ ಹತ್ತು ಸೆಕೆಂಡು. ಲೆಕ್ಕಕ್ಕೆ ಬೆರಳಿನ ಗೆರೆ ಸಾಕು: ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಮೂರು ಮೂರು ಗೆಣ್ಣಿನ ಮೇಲೆ ಸರಿಸುತ್ತಾ ಹೋದರೆ ಹನ್ನೆರಡು. ಒಂದು ಕೈ ಮುಗಿಯುವಾಗ ಸರಿಯಾಗಿ ಎರಡು ನಿಮಿಷ. ಜಪ ಮಾಡುವವರಿಗೆ ಈ ಎಣಿಕೆ ಹೊಸದಲ್ಲ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಕೆಡುವುದು ಎಲ್ಲಿ ಅಂದರೆ, ‘ದೀರ್ಘ ಉಸಿರು’ ಅಂದ ಕೂಡಲೇ ಎದೆಯುಬ್ಬಿಸಿ ಗಟ್ಟಿಯಾಗಿ ಎಳೆಯುವುದರಲ್ಲಿ. ನಾಲ್ಕು ಸಲ ಹಾಗೆ ಎಳೆದರೆ ತಲೆ ಹಗುರಾಗಿ ಬೆರಳು ಜುಮ್ಮೆನ್ನುತ್ತದೆ, ಗಾಬರಿ ಹೆಚ್ಚುತ್ತದೆ. ಒಳಗೆ ಹೋಗುವುದು ಮಾಮೂಲಿನಷ್ಟೇ ಇರಲಿ; ಹೊರಗೆ ಬಿಡುವುದು ಉದ್ದವಾಗಲಿ. ಎದೆಬಡಿತ ಇಳಿಯುವುದು ಉಸಿರು ಬಿಡುವಾಗ. ನಾಲ್ಕು–ಆರು ಕಷ್ಟವಾದರೆ ಮೂರು–ಐದು. ಇನ್ನೊಂದು ತಪ್ಪು, ಸಿಟ್ಟು ಬಂದ ದಿನವೇ ಮೊದಲ ಸಲ ಮಾಡಹೋಗುವುದು. ಹಾಲು ಕಾಯುವಾಗ, ಬಸ್ಸಿಗೆ ಕಾಯುವಾಗ ದಿನಕ್ಕೊಮ್ಮೆ ಒಂದು ಕೈ ಮುಗಿಸಿಟ್ಟಿರಬೇಕು. ‘ಹತ್ತರವರೆಗೆ ಎಣಿಸು’ ಅನ್ನುವ ಹಳೆಯ ಉಪದೇಶ ಸೋಲುವುದು ಬೇರೆ ಕಾರಣಕ್ಕೆ. ಎಣಿಸುತ್ತಾ ಎಣಿಸುತ್ತಾ ಹನ್ನೊಂದಕ್ಕೆ ಏನು ಬೈಯಬೇಕೆಂದು ಜೋಡಿಸಿಕೊಂಡಿರುತ್ತೇವೆ.

ದಿಂಬು ಗುದ್ದಿ, ಕೂಗಿ, ‘ಒಳಗಿರೋದನ್ನ ಹೊರಗೆ ಹಾಕಿದರೆ ಹಗುರ’ ಅನ್ನುವ ನಂಬಿಕೆ ಗಟ್ಟಿಯಾಗಿದೆ, ತಪ್ಪಾಗಿದೆ. ಅಮೆರಿಕದ ಬ್ರಾಡ್ ಬುಶ್ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಗುದ್ದುಚೀಲ ಗುದ್ದಿದವರ ಸಿಟ್ಟು ಸುಮ್ಮನೆ ಕೂತವರಿಗಿಂತ ಜಾಸ್ತಿಯಾಗಿತ್ತು. 2024ರಲ್ಲಿ ಅವರೂ ಸೋಫಿ ಕ್ಯಾರ್ವಿಕ್ ಅವರೂ 154 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಅದೇ: ಮೈಯ ಬಿಸಿ ಇಳಿಸುವ ಕೆಲಸಗಳು ಸಿಟ್ಟಿಳಿಸುತ್ತವೆ, ಏರಿಸುವ ಕೆಲಸಗಳು ಇಳಿಸುವುದಿಲ್ಲ. ಓಟ ಹೃದಯಕ್ಕೆ ಒಳ್ಳೆಯದು. ಜಗಳದ ನಡುವೆ ಎದ್ದು ಓಡಲು ಹೋಗುವುದರಿಂದ ಸಿಟ್ಟಿಗೇನೂ ಆಗದು.

ಅಂಕಿ 6 ದಾಟಿತೆಂದರೆ ಉಸಿರೂ ಕೈಗೆ ಸಿಗುವುದಿಲ್ಲ. ಆಗ ಜಾಗ ಬಿಡುವುದೊಂದೇ ದಾರಿ. ದಂಪತಿಗಳ ಜಗಳವನ್ನು ನಾಡಿ ಅಳೆಯುತ್ತಾ ಅಧ್ಯಯನ ಮಾಡಿದ ಸಿಯಾಟಲ್‌ನ ಜಾನ್ ಗಾಟ್‌ಮನ್ ಹೇಳುವುದು, ಎದೆಬಡಿತ ನಿಮಿಷಕ್ಕೆ ನೂರು ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಕನಿಷ್ಠ ಇಪ್ಪತ್ತು ನಿಮಿಷದ ಬಿಡುವು ಬೇಕು ಎಂದು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿ. ನೂರರ ಮೇಲಿದ್ದರೆ ಮಾತು ಬೇಡ. ಆದರೆ ಹೋಗುವ ರೀತಿ ಮುಖ್ಯ. ಏನೂ ಹೇಳದೆ ಎದ್ದುಹೋದರೆ ಅದು ಮುನಿಸು, ಬಾಗಿಲು ಬಡಿದು ಹೋದರೆ ಅದು ಜಗಳದ ಮುಂದುವರಿಕೆ. ‘ನಂಗೀಗ ತಲೆ ಬಿಸಿಯಾಗಿದೆ. ಎಂಟೂವರೆಗೆ ಮಾತಾಡೋಣ.’ ಗಂಟೆ ಹೇಳಲೇಬೇಕು, ಎಂಟೂವರೆಗೆ ಎದ್ದುಹೋದವರೇ ಬಂದು ಮಾತು ತೆಗೆಯಬೇಕು. ಈ ಒಪ್ಪಂದ ಶಾಂತವಾಗಿದ್ದ ಒಂದು ಭಾನುವಾರ ಮೊದಲೇ ಆಗಿರಬೇಕು; ಜಗಳದ ಮಧ್ಯೆ ನಿಯಮ ಓದಿ ಹೇಳಿದರೆ ಎದುರಿನವರಿಗೆ ಉರಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೈಗೆ ಕೆಲಸ ಇರಲಿ: ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಗಿಡಕ್ಕೆ ನೀರು. ಗಾಡಿಯ ಕೀ ಮಾತ್ರ ಮುಟ್ಟಬೇಡಿ.

ಐದನೇ ವಾರ ಐದನೇ ಕಲಂ. ‘ಬೇಕಂತಲೇ ಮಾಡಿದರು’ ಅನ್ನುವ ಮಾತು ಎಷ್ಟು ಸಾಲಿನಲ್ಲಿದೆ ಎಣಿಸಿ. ಪ್ರತಿಯೊಂದರ ಪಕ್ಕ ಬೇರೆ ಎರಡು ಕಾರಣ ಬರೆಯಿರಿ, ನಂಬಬೇಕೆಂದೇನಿಲ್ಲ, ಬರೆದರೆ ಸಾಕು. ಸಿಟ್ಟಿನ ಅಡಿಯಲ್ಲಿ ಇನ್ನೇನಿತ್ತು ಎಂದೂ ಕೆದಕಿ: ಅವಮಾನ, ದಣಿವು, ಹೆದರಿಕೆ, ಹೊಟ್ಟೆಕಿಚ್ಚು. ರಾತ್ರಿ ಹತ್ತಾದರೂ ಬಾರದ ಮಗ ಬಾಗಿಲು ತಟ್ಟಿದಾಗ ಮೊದಲ ಎರಡು ಸೆಕೆಂಡು ಇದ್ದದ್ದು ಭಯ. ಬಾಗಿಲು ತೆಗೆದಾಗ ಅದು ಸಿಟ್ಟಾಗಿರುತ್ತದೆ. ನಮ್ಮ ಭಾಷೆಯಲ್ಲಿ ಕಿರಿಕಿರಿ, ಸಿಡುಕು, ಮುನಿಸು, ಸೆಡವು, ರೋಷ, ಉರಿ ಬೇರೆ ಬೇರೆ ಇವೆ. ಸರಿಯಾದ ಹೆಸರು ಹುಡುಕುವಷ್ಟರಲ್ಲೇ ಅಂಕಿ ಒಂದೆರಡು ಇಳಿದಿರುವುದುಂಟು.

ಇದೇ ವಾರ ಎರಡೇ ಎರಡು ‘ಹೀಗಾದರೆ ಹೀಗೆ’ ಸಾಲು ಬರೆದುಕೊಳ್ಳಬೇಕು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಬೆಳೆಸಿದ ವಿಧಾನ ಇದು. ‘ಇನ್ನು ಕೂಗುವುದಿಲ್ಲ’ ಅನ್ನುವುದು ಕೆಲಸಕ್ಕೆ ಬಾರದು, ಏಕೆಂದರೆ ಆ ಗಳಿಗೆಯಲ್ಲಿ ಮಾಡಬೇಕಾದ್ದೇನೆಂದು ಅದರಲ್ಲಿಲ್ಲ. ‘ಎರಡನೇ ಸಲ ಕರೆದರೂ ಏಳದಿದ್ದರೆ, ಹಾಸಿಗೆಯ ಪಕ್ಕ ಕೂತು ಹೆಗಲು ಮುಟ್ಟುತ್ತೇನೆ’, ಇದು ನಡೆಯುತ್ತದೆ. ಹತ್ತು ಸಾಲು ಬರೆದವರಿಗೆ ಒಂದೂ ನೆನಪಿರುವುದಿಲ್ಲ.

ಆರು, ಏಳನೇ ವಾರ ಮಾತಿನದು. ಕನ್ನಡದಲ್ಲಿ ಸಿಟ್ಟಿನ ಮೀಟರ್ ಸರ್ವನಾಮದಲ್ಲೇ ಇದೆ. ದಿನವೂ ‘ನೀವು’ ಅನ್ನುವವರ ಬಾಯಲ್ಲಿ ‘ನೀನು’ ಬಂತೆಂದರೆ ಅಂಕಿ 7 ದಾಟಿದೆ. ದಿನವೂ ‘ನೀನು’ ಅನ್ನುವ ಮನೆಯಲ್ಲಿ ಇದ್ದಕ್ಕಿದ್ದಂತೆ ‘ನೀವೇ ದೊಡ್ಡವರು, ನೀವೇ ಹೇಳಿ’ ಬಂದರೆ ಅದು ಇನ್ನೂ ತಣ್ಣಗಿನ, ಇನ್ನೂ ಉದ್ದದ ಸಿಟ್ಟು. ನಿಮ್ಮ ಬಾಯಲ್ಲಿ ಯಾವುದು ಯಾವಾಗ ಜಾರುತ್ತದೆ, ಆರನೇ ಕಲಮಿನಲ್ಲಿ ಗುರುತು ಹಾಕಿ. ಹೊಡೆದುಹಾಕಬೇಕಾದ ಮಾತುಗಳು ‘ಯಾವಾಗಲೂ’, ‘ಒಂದು ಸಲಾನೂ’, ‘ನಿಮ್ಮ ಮನೆಯವರೆಲ್ಲ’. ಉಳಿದದ್ದನ್ನು ಮೂರು ತುಂಡಿನಲ್ಲಿ ಹೇಳಬಹುದು, ನಡೆದದ್ದು, ನನಗಾದದ್ದು, ಬೇಕಾದದ್ದು: ‘ಎಂಟಕ್ಕೆ ಬರ್ತೀನಿ ಅಂದಿದ್ರಿ, ಒಂಬತ್ತೂವರೆ ಆಯ್ತು. ಊಟ ಮಾಡ್ದೆ ಕಾದೆ. ಇನ್ಮೇಲೆ ತಡ ಆಗೋ ಹಾಗಿದ್ರೆ ಏಳೂವರೆಗೇ ಒಂದು ಮೆಸೇಜ್ ಹಾಕ್ಬಿಡಿ.’ ವಾಟ್ಸ್‌ಆ್ಯಪ್‌ನಲ್ಲಿ ಜಗಳ ಬೇಡ. ತಡೆಯಲಾಗದಿದ್ದರೆ ಉತ್ತರವನ್ನು ನಿಮ್ಮ ನಂಬರಿಗೇ ಕಳಿಸಿಕೊಂಡು ಬೆಳಿಗ್ಗೆ ಓದಿ. ವಾಯ್ಸ್ ಮೆಸೇಜ್ ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿ ದನಿಯೂ ಉಳಿಯುತ್ತದೆ, ಮುಂದಿನ ವರ್ಷವೂ ಕೇಳಬಹುದು.

ಜಾರಿದಾಗ ಅದೇ ದಿನ ಸರಿಮಾಡಬೇಕು. ‘ಕೂಗಿದ್ದು ತಪ್ಪಾಯ್ತು.’ ಪೂರ್ಣವಿರಾಮ. ‘ಆದರೆ ನೀನೂ…’ ಅಂತ ಸೇರಿಸಿದರೆ ಅದು ಎರಡನೇ ಸುತ್ತು. ಮಕ್ಕಳಿಗೂ ಇದೇ ವಾಕ್ಯ. ಚಾಕೊಲೇಟ್ ತಂದುಕೊಡುವುದು ಇದರ ಬದಲಿಯಲ್ಲ.

ಪುಸ್ತಕದ ಕೈಯಲ್ಲಾಗದ ಸಂಗತಿಗಳೂ ಇವೆ. ಅಂಕಿ 10 ಒಂದು ಸಲ ಬಂದರೂ, ಕುಡಿದಾಗ ಮಾತ್ರ ಸಿಟ್ಟು ಬರುತ್ತಿದ್ದರೂ, ಎರಡು ವಾರದಿಂದ ಸಿಡುಕಿನ ಜೊತೆ ಯಾವುದರಲ್ಲೂ ಮನಸ್ಸಿಲ್ಲದೆ ನಿದ್ದೆಯೂ ಕೆಟ್ಟಿದ್ದರೂ ತಜ್ಞರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೊಡೆತ ತಿನ್ನುತ್ತಿರುವವರು ನೀವಾದರೆ ನಿಮ್ಮ ಸಿಟ್ಟಿನ ಲೆಕ್ಕ ಬರೆಯುತ್ತಾ ಕೂರಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎಂಟನೇ ವಾರ ಹೊಸದೇನೂ ಇಲ್ಲ, ಎರಡನೇ ವಾರದ ಪುಟಗಳ ಪಕ್ಕ ಇಟ್ಟು ನೋಡುವುದು. ಮೊದಲನೆಯದರ ಜೊತೆ ಹೋಲಿಸಬೇಡಿ, ಅದರಲ್ಲಿ ಸಣ್ಣವು ಬಿಟ್ಟುಹೋಗಿರುತ್ತವೆ. ಸಾಮಾನ್ಯವಾಗಿ ಮೊದಲು ಇಳಿದಿರುವುದು ಏಳನೇ ಕಲಂ, ಅಂದರೆ ನಿಮಿಷ. ಆಮೇಲೆ ಅಂಕಿ. ಸಾಲುಗಳ ಸಂಖ್ಯೆ ಕೊನೆಗೆ ಇಳಿಯುತ್ತದೆ, ಕೆಲವರಿಗೆ ಇಳಿಯುವುದೇ ಇಲ್ಲ. ವಾರಕ್ಕೆ ಇಪ್ಪತ್ತು ಸಲ ಬಿಸಿಯಾಗುತ್ತಿದ್ದವರು ಈಗಲೂ ಇಪ್ಪತ್ತು ಸಲ ಬಿಸಿಯಾಗುತ್ತಾರೆ. 7 ಇದ್ದದ್ದು 4ಕ್ಕೆ ನಿಂತಿರುತ್ತದೆ. ಆ ಇಪ್ಪತ್ತು ಹುಟ್ಟುಗುಣ, ಅದನ್ನು ಬಿಟ್ಟುಬಿಡಿ. ಅಷ್ಟಾದ ಮೇಲೆ ಬರೆಯುವುದನ್ನು ನಿಲ್ಲಿಸಬಹುದು. ಕೆಲಸ ಬದಲಾದಾಗ, ಮನೆಗೆ ಕೂಸು ಬಂದಾಗ, ಮಕ್ಕಳ ಪರೀಕ್ಷೆ ಹತ್ತಿರವಾದಾಗ ಒಂದು ವಾರ ಮತ್ತೆ ತೆರೆದರೆ ಸಾಕು. ಬರೆದ ಹಾಳೆ ಹರಿದುಹಾಕಿ. ಉಳಿದವು ಹಾಲಿನ ಲೆಕ್ಕಕ್ಕೆ ಆಗುತ್ತವೆ.